ಹೋಯಾ ಹೂ ಬಿಡಬೇಕಾದರೆ: ನನ್ನ ಅನುಭವ

ಹೋಯಾ ಅಂದರೆ ಮೇಣದಂಥ ಹೂ ಬಿಡುವ, ಮನೆಯಲ್ಲಿ ಕುಂಡದಲ್ಲಿ ಬೆಳೆಸುವ ಬಳ್ಳಿ. "ಹೋಯಾ ಚೆನ್ನಾಗಿ ಬೆಳೀತಿದೆ, ಹೂವೇ ಇಲ್ಲ" ಅನ್ನುವವರನ್ನು ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ: ಗಿಡ ಎಲ್ಲಿಟ್ಟಿದ್ದೀರಿ? ಗೊಬ್ಬರದ ಮಾತು ಆಮೇಲೆ. ಮಬ್ಬು ಮೂಲೆಯಲ್ಲೂ ಹೋಯಾ ಸುಲಭಕ್ಕೆ ಸಾಯುವುದಿಲ್ಲ, ಆಗೊಂದು ಈಗೊಂದು ಎಲೆ ಬಿಡುತ್ತಾ ವರ್ಷಗಟ್ಟಲೆ ಇದ್ದುಬಿಡುತ್ತದೆ. ಮೊಗ್ಗು ಮಾತ್ರ ಕಾಣುವುದಿಲ್ಲ. ನನ್ನ ಕಾರ್ನೋಸಾ (ಹೋಯಾದ ಒಂದು ಜಾತಿ) ಹೂ ಬಿಡೋಕೆ ಶುರು ಮಾಡಿದ್ದು ಎಳೆಬಿಸಿಲು ಬೀಳುವ ಕಿಟಕಿಗೆ ಬಂದ ಮೇಲೆಯೇ. ಮಧ್ಯಾಹ್ನದ ಬಿಸಿಲು ಬೇಡ, ಎಲೆ ಸುಡುತ್ತದೆ.

ಕಾಡಿನಲ್ಲಿ ಹೆಚ್ಚಿನ ಹೋಯಾಗಳು ಮರದ ಮೇಲೆ ಹಬ್ಬುವ ಬಳ್ಳಿಗಳು. ಹಾಗಾಗಿ ಬೇರಿಗೆ ನೀರಿನಷ್ಟೇ ಗಾಳಿಯೂ ಬೇಕು. ನಾನು ತೆಂಗಿನ ಸಿಪ್ಪೆಯ ಚೂರು, ಮರದ ತೊಗಟೆ, ಪರ್ಲೈಟ್ (ಹಗುರವಾದ ಬಿಳಿ ಹರಳುಗಳು), ಸ್ವಲ್ಪ ಇದ್ದಿಲು ಬೆರೆಸಿ ಚಿಕ್ಕ ಕುಂಡದಲ್ಲಿ ನೆಡುತ್ತೇನೆ. ದೊಡ್ಡ ಕುಂಡದಲ್ಲಿ ತೇವ ಬೇಗ ಆರಲ್ಲ, ಬೇರು ಕೊಳೆಯುತ್ತದೆ.

ನೀರಿಗೆ ವಾರದ ಲೆಕ್ಕ ಇಟ್ಟುಕೊಳ್ಳಬೇಡಿ. ದಪ್ಪ ಎಲೆಯ ಜಾತಿಯಾದರೆ ಬುಡದ ಹತ್ತಿರದ ಒಂದು ಎಲೆಯನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಮಡಚಿ ನೋಡಿ. ಬಾಗದೆ ಸೆಟೆದು ನಿಂತರೆ ಒಳಗೆ ನೀರಿದೆ. ಸುಲಭಕ್ಕೆ ಬಾಗಿದರೆ ಹಾಕಿ. ಆದರೆ ಕುಂಡ ಒದ್ದೆ ಇದ್ದೂ ಎಲೆ ಸುಕ್ಕಾಗಿದ್ದರೆ ಅದು ಬಾಯಾರಿಕೆ ಅಲ್ಲ, ಬೇರು ಹೋಗಿದೆ ಅಂತ ಅರ್ಥ. ಆಗ ಗಿಡ ಕಿತ್ತು ನೋಡಲೇಬೇಕು.

ಇನ್ನು ಕತ್ತರಿ. ಎಲೆಯೇ ಇಲ್ಲದ ಉದ್ದನೆಯ ಕುಡಿಗಳು ಬಂದಾಗ ಅಂದ ಕೆಡುತ್ತದೆ ಅಂತ ಎಷ್ಟೋ ಜನ ಕತ್ತರಿಸಿಬಿಡುತ್ತಾರೆ. ಆ ಕುಡಿ ಹಿಡಿದು ಹಬ್ಬಲು ಆಸರೆ ಹುಡುಕುತ್ತಿರುತ್ತದೆ, ಎಲೆ ನಿಧಾನಕ್ಕೆ ಬರುತ್ತದೆ, ಹೂವೂ ಎಷ್ಟೋ ಸಲ ಅಲ್ಲೇ ಬರುತ್ತದೆ. ತಂತಿಯ ಬಳೆಗೆ ಸುತ್ತಿ ಬಿಟ್ಟರೆ ಸಾಕು. ಇದಕ್ಕಿಂತ ಮುಖ್ಯ, ಹೂ ಉದುರಿದ ಮೇಲೆ ಉಳಿಯುವ ಮೋಟು ತೊಟ್ಟು. ಒಣಕಡ್ಡಿಯ ಹಾಗೆ ಕಾಣುತ್ತದೆ, ಆದರೆ ಅದರ ತುದಿಗೆ ಜೀವ ಇದೆ. ಹತ್ತಿರದಿಂದ ನೋಡಿದರೆ ಹಳೇ ಹೂಗಳು ಬಿದ್ದ ಗುರುತುಗಳು ಒತ್ತೊತ್ತಾಗಿ ಕಾಣುತ್ತವೆ. ಮುಂದಿನ ಗೊಂಚಲು ಅದೇ ತುದಿಯಲ್ಲಿ ಮೂಡುತ್ತದೆ, ತೊಟ್ಟು ಪ್ರತಿ ಸಲ ಒಂಚೂರು ಉದ್ದವಾಗುತ್ತದೆ. ಅದನ್ನು ಕತ್ತರಿಸಿದರೆ ಗಿಡ ಹೊಸ ತೊಟ್ಟನ್ನು ಮೊದಲಿನಿಂದ ಕಟ್ಟಬೇಕು. ದಯವಿಟ್ಟು ಮುಟ್ಟಬೇಡಿ.

ಮೊಗ್ಗು ಕಂಡ ಮೇಲೆ ಕುಂಡದ ಜಾಗ ಬದಲಿಸುವುದಿಲ್ಲ, ಪೂರ್ತಿ ಒಣಗಲೂ ಬಿಡುವುದಿಲ್ಲ. ಎರಡರಲ್ಲಿ ಯಾವುದಾದರೂ ಮೊಗ್ಗು ಉದುರೋಕೆ ಸಾಕು. ಹಳದಿ ಸಸ್ಯಹೇನುಗಳು ಮುತ್ತುವುದೂ ಇದೇ ಹೊತ್ತಿಗೆ. ಹೋಯಾ ನಮ್ಮ ಎಕ್ಕದ ಕುಟುಂಬದ್ದೇ, ಚಿವುಟಿದರೆ ಅದೇ ಥರ ಬಿಳಿ ಹಾಲು ಬರುತ್ತದೆ, ಎಕ್ಕದ ಮೇಲೆ ಕಾಣುವ ಆ ಹಳದಿ ಹೇನು ಇದಕ್ಕೂ ಬರುತ್ತದೆ. ನಾನು ನೀರಿನಲ್ಲಿ ತೊಳೆದು, ಬೆರಳಲ್ಲೇ ಒರೆಸಿ ತೆಗೆಯುತ್ತೇನೆ. ಎಲೆಯ ಕಂಕುಳಲ್ಲಿ ಹತ್ತಿಯಂತೆ ಕೂರುವ ಹಿಟ್ಟು ತಿಗಣೆ ಜಾಸ್ತಿ ಹಟಮಾರಿ, ಅದನ್ನು ವಾರವಾರ ನೋಡುತ್ತಲೇ ಇರಬೇಕು.

ಕಾರ್ನೋಸಾ ಅರಳಿದಾಗ ಮೇಣದಲ್ಲಿ ಮಾಡಿದಂಥ ನಸುಗುಲಾಬಿ ನಕ್ಷತ್ರಗಳು, ನಡುವೆ ಕೆಂಪು. ಸಂಜೆಯಾದ ಮೇಲೆ ಪರಿಮಳ ಜೋರು, ಸಿಹಿ ಅಂಟು ತೊಟ್ಟಿಕ್ಕುತ್ತದೆ, ಕೆಳಗೆ ಪುಸ್ತಕ ಬಟ್ಟೆ ಇಡಬೇಡಿ.

ಹೊಸದಾಗಿ ಕೊಳ್ಳುವವರಿಗೆ ಒಂದು ಮಾತು. ಕೆರಿ ಅನ್ನುವ ಹೋಯಾ ಜಾತಿಯ ಹೃದಯದ ಆಕಾರದ ಎಲೆಯೊಂದನ್ನೇ ಕುಂಡದಲ್ಲಿಟ್ಟು ಮಾರುತ್ತಾರೆ, ನೋಡಿರಬಹುದು ಅಲ್ವಾ? ಗೆಣ್ಣು ಇಲ್ಲದಿದ್ದರೂ ಅದಕ್ಕೆ ಬೇರು ಬರುತ್ತದೆ, ವರ್ಷಗಟ್ಟಲೆ ಹಸಿರಾಗೂ ಇರುತ್ತದೆ, ಬಳ್ಳಿ ಮಾತ್ರ ಆಗುವುದಿಲ್ಲ. ಹೂ ಬೇಕು ಅಂದರೆ ಎರಡು ಗೆಣ್ಣಾದರೂ ಇರುವ ತುಂಡು ತಗೊಳ್ಳಿ, ಆದಷ್ಟೂ ಈಗಾಗಲೇ ಹೂ ಬಿಟ್ಟ ಬಳ್ಳಿಯಿಂದಲೇ ಕೇಳಿ ತಗೊಳ್ಳಿ.