ಕಾರಿನ ಹೊಟ್ಟೆಯಡಿಯ ಲೇಪ ಎದ್ದರೆ: ಮೊದಲು ಕೆರೆಯಿರಿ, ಆಮೇಲೆ ಬಳಿಯಿರಿ

ಸ್ಪೋರ್ಟ್ಸ್ ಕಾರು ನೆಲಕ್ಕೆ ಅಂಟಿಕೊಂಡಂತೆ ಓಡುವ ಗಾಡಿ. ಮಾಮೂಲಿ ಕಾರಿನ ಹೊಟ್ಟೆಗೂ ರಸ್ತೆಗೂ ನಡುವೆ ಆರೂವರೆ ಇಂಚು ಜಾಗವಿದ್ದರೆ, ಇವುಗಳಿಗೆ ನಾಲ್ಕೂವರೆ–ಐದು ಇಂಚು ಸಿಕ್ಕರೆ ಹೆಚ್ಚು. ದಾವಣಗೆರೆ–ಚಿತ್ರದುರ್ಗದ ನಡುವೆ ಹೆದ್ದಾರಿ 48ರಲ್ಲಿ ಹೋಗುವಷ್ಟು ಹೊತ್ತು ತೊಂದರೆಯಿಲ್ಲ. ಸರ್ವಿಸ್ ರಸ್ತೆಗೆ ಇಳಿದ ಮೇಲೆ ಶುರುವಾಗುತ್ತದೆ: ಹಂಪ್‌ಗೆ ಹೊಟ್ಟೆ ಉಜ್ಜುತ್ತದೆ, ಮುಂದಿನ ಟೈರು ಸಿಡಿಸಿದ ಜಲ್ಲಿ ಬಾಗಿಲ ಕೆಳಗಿನ ಪಟ್ಟಿಗೆ ಬಡಿಯುತ್ತದೆ, ಮಳೆಗಾಲದಲ್ಲಿ ಎರೆಮಣ್ಣಿನ ರಾಡಿ ಮೂಲೆಮೂಲೆಗೆ ಮೆತ್ತಿಕೊಳ್ಳುತ್ತದೆ. ಈ ಮಣ್ಣು ಮೇಲೆ ಒಣಗಿದಂತೆ ಕಂಡರೂ ಒಳಗೆ ದಿನಗಟ್ಟಲೆ ಹಸಿ ಹಿಡಿದಿರುತ್ತದೆ.

ಹೀಗೆ ಕೆಲವು ಮಳೆಗಾಲ ಕಳೆದ ಕಾರನ್ನು ಎತ್ತಿ ಟಾರ್ಚ್ ಬಿಟ್ಟರೆ, ತುಕ್ಕು, ಜಲ್ಲಿ ಏಟು ತಡೆಯಲೆಂದು ತಗಡಿಗೆ ಬಳಿದ ಕಪ್ಪು ಲೇಪ ಬೇಸಿಗೆಯ ಕೆರೆಯಂಗಳದಂತೆ ಬಿರಿದು ಅಂಚು ಮೇಲೆದ್ದಿರುವುದು ಕಾಣುತ್ತದೆ. ಆಗ ಬಹಳ ಜನ ಮಾಡುವುದು ಒಂದೇ. ಕಾರು ತೊಳೆಸಿ, ಅದರ ಮೇಲೇ ಇನ್ನೊಂದು ಕಪ್ಪು ಕೋಟ್ ಹೊಡೆಸುತ್ತಾರೆ. ಇದಕ್ಕಿಂತ ಹಾಗೇ ಬಿಡುವುದು ವಾಸಿ. ಎದ್ದ ಲೇಪದ ಅಡಿಯ ಸಂದು ನೀರನ್ನು ಬತ್ತಿಯಂತೆ ಒಳಕ್ಕೆ ಎಳೆಯುತ್ತದೆ. ಕಬ್ಬಿಣ ತುಕ್ಕಾದಾಗ ಅದರ ಗಾತ್ರ ಹಲವು ಪಟ್ಟು ಉಬ್ಬುತ್ತದೆ. ಆ ಉಬ್ಬು ಪಕ್ಕದ ಗಟ್ಟಿ ಲೇಪವನ್ನೂ ಎಬ್ಬಿಸುತ್ತದೆ. ಮೇಲೆ ಹೊಸ ಕೋಟ್ ಬಿದ್ದರೆ ಒಳಗಿನ ನೀರು ಆರುವ ದಾರಿಯೂ ಮುಚ್ಚಿಹೋಗುತ್ತದೆ, ತುಕ್ಕು ಕಣ್ಣಿಗೂ ಬೀಳುವುದಿಲ್ಲ.

ಯಾವ ಲೇಪ ಎಂದು ಗುರುತಿಸಿ

ಕಾರ್ಖಾನೆಯಲ್ಲಿ ಹಾಕುವುದು ಸಾಮಾನ್ಯವಾಗಿ ಪಿವಿಸಿ. ಉಗುರು ಒತ್ತಿದರೆ ಗಟ್ಟಿ ರಬ್ಬರಿನಂತೆ ಸ್ವಲ್ಪ ತಗ್ಗಿ ವಾಪಸು ಬರುತ್ತದೆ. ಆಮೇಲೆ ಅಂಗಡಿಯಲ್ಲಿ ಹೊಡೆಸಿದ್ದು ಬಹುತೇಕ ಬಿಟುಮೆನ್, ಅಂದರೆ ಡಾಂಬರಿನ ಜಾತಿಯದು. ಟರ್ಪಂಟೈನ್‌ನಲ್ಲಿ ಅದ್ದಿದ ಬಿಳಿ ಬಟ್ಟೆಯಿಂದ ಒಂದು ನಿಮಿಷ ತಿಕ್ಕಿ ನೋಡಿ. ಬಟ್ಟೆ ಕಂದುಗಪ್ಪಾದರೆ ಬಿಟುಮೆನ್. ಏನೂ ಬಿಡದಿದ್ದರೆ ಪಿವಿಸಿ.

ಎದ್ದ ಒಂದು ಹಕ್ಕಳೆ ಕಿತ್ತು ಅದರ ಅಡಿಯನ್ನು ನೋಡಿ. ನುಣುಪಾದ ಬೂದು ಪ್ರೈಮರ್ (ಲೇಪಕ್ಕೆ ಮುಂಚೆ ಹೊಡೆಯುವ ಅಡಿ ಕೋಟ್) ಹಾಗೇ ಇದ್ದರೆ ಅದೃಷ್ಟ, ಅಂಟು ಮಾತ್ರ ಬಿಟ್ಟಿದೆ. ಬಿಳಿ ಪುಡಿ ಇದ್ದರೆ ಸತುವಿನ ಪದರ ತಾನು ಸವೆದು ಉಕ್ಕನ್ನು ಕಾಯುತ್ತಿದೆ ಎಂದರ್ಥ. ಪೋರ್ಷೆ 911ರಂಥ ಕಾರಿನ ಬಾಡಿಗೆ 1970ರ ದಶಕದ ನಡುವಿನಿಂದಲೇ ಸತುವಿನ ಲೇಪವಿದೆ. ಅಂಥವುಗಳಲ್ಲಿ ಈ ಪದರ ಉಳಿಸಿಕೊಳ್ಳುವುದು ಮುಖ್ಯ. ಕಂದು ಪುಡಿ ಉದುರಿದರೆ ಪೂರ್ತಿ ಕೆಲಸ ಮಾಡಬೇಕು. ಸ್ಕ್ರೂಡ್ರೈವರ್ ಮೊನೆ ಒತ್ತಿದಾಗ ತಗಡು ಒಳಸರಿದರೆ ಅಥವಾ ತೂತಾದರೆ ಅಲ್ಲಿಗೆ ನಿಲ್ಲಿಸಿ. ಅದು ಟಿಂಕರ್ ಕೆಲಸ: ಕೆಟ್ಟ ತಗಡು ಕತ್ತರಿಸಿ ಹೊಸದು ವೆಲ್ಡ್ ಆಗಬೇಕು. ತೂತಿನ ಮೇಲೆ ಪುಟ್ಟಿ ತುಂಬಿ ಲೇಪ ಹೊಡೆಯಬೇಡಿ.

ಎತ್ತುವುದು

ತಗ್ಗಿನ ಕಾರಿನ ಅಡಿಗೆ ಟ್ರಾಲಿ ಜಾಕ್ ಹೋಗದು. ಎರಡು ಇಂಚು ದಪ್ಪದ ಮರದ ಹಲಗೆಗಳ ಮೇಲೆ ಮೊದಲು ಹತ್ತಿಸಿ, ಆಮೇಲೆ ಜಾಕ್ ಕೊಡಿ. ಕೈಪಿಡಿಯಲ್ಲಿ ತೋರಿಸಿದ ಜಾಕ್ ಪಾಯಿಂಟ್‌ಗೇ ಕೊಡಬೇಕು, ನಡುವೆ ರಬ್ಬರ್ ಬಿಲ್ಲೆ ಇರಲಿ. ಹೊಟ್ಟೆಯ ತಗಡಿಗೆ ಜಾಕ್ ಒತ್ತಿ ಲೇಪ ಒಡೆದ ಗುರುತು ಎಷ್ಟೋ ಕಾರುಗಳಲ್ಲಿ ಸಿಗುತ್ತದೆ. ನಾಲ್ಕೂ ಕಡೆ ಸ್ಟ್ಯಾಂಡ್ ಕೊಟ್ಟು, ಕೈಯಿಂದ ಅಲುಗಾಡಿಸಿ ನೋಡಿದ ಮೇಲೆ ಒಳಗೆ ಹೋಗಿ. ಬರೀ ಜಾಕ್ ನಂಬಿ ಯಾವ ಕಾರಣಕ್ಕೂ ತಲೆ ತೂರಿಸಬೇಡಿ. ಜಾಕಿನ ಸೀಲು ಜಾರಿದರೆ ಜೀವ ಹೋಗುತ್ತದೆ. ಲಿಫ್ಟ್ ಇರುವ ಗ್ಯಾರೇಜಿನಲ್ಲಿ ಕೆಲಸ ಮುಗಿಯುವವರೆಗೆ ಜಾಗ ಮಾತಾಡಿಕೊಂಡರೆ ಇನ್ನೂ ಒಳ್ಳೆಯದು.

ಅಡಿಯ ಪ್ಲಾಸ್ಟಿಕ್ ಹೊದಿಕೆಗಳನ್ನು ಪೂರ್ತಿ ಬಿಚ್ಚಿ. ಮಣ್ಣೂ ರಸ್ತೆಯ ಒಕ್ಕಣೆಯಿಂದ ಸಿಕ್ಕಿಕೊಂಡ ಹುಲ್ಲೂ ಕೂತು ಕೊಳೆಯುವುದು ಅವುಗಳ ಮೇಲೇ. ಬಿಚ್ಚುವಾಗ ಕ್ಲಿಪ್ಪುಗಳು ಮುರಿಯುವುದು ಸಾಮಾನ್ಯ, ಹತ್ತು–ಹನ್ನೆರಡು ಹೊಸವು ತಂದಿಟ್ಟುಕೊಳ್ಳಿ. ಪ್ರೆಶರ್ ನೀರಿನಲ್ಲಿ ತೊಳೆದು, ಕೊನೆಗೆ ಒಣ ಬಟ್ಟೆಯಿಂದ ಒರೆಸಿ. ನಮ್ಮ ಕಡೆಯ ಬೋರ್ ನೀರು ಹಾಗೇ ಆರಿದರೆ ಬಿಳಿ ಉಪ್ಪು ಕೂರುತ್ತದೆ, ಅದರ ಮೇಲೆ ಪ್ರೈಮರ್ ಹಿಡಿಯದು. ಒಂದು ರಾತ್ರಿ ಪೂರ್ತಿ ಆರಲಿ.

ಕೆರೆಯುವುದೇ ಮುಕ್ಕಾಲು ಕೆಲಸ

ಸ್ಕ್ರೂಡ್ರೈವರಿನ ಹಿಡಿಯಿಂದ ಲೇಪವನ್ನು ತಟ್ಟುತ್ತಾ ಹೋಗಿ. ಹಿಡಿದಿರುವ ಕಡೆ ಗಟ್ಟಿ ಸದ್ದು, ಎದ್ದಿರುವ ಕಡೆ ತೆಂಗಿನ ಚಿಪ್ಪಿನಂಥ ಟೊಳ್ಳು ಸದ್ದು. ಟೊಳ್ಳಿನ ಸುತ್ತ ಸೀಮೆಸುಣ್ಣದಲ್ಲಿ ಗೆರೆ ಎಳೆಯಿರಿ. ಕಣ್ಣಿಗೆ ಕಂಡದ್ದಕ್ಕಿಂತ ಗೆರೆಯೊಳಗಿನ ಜಾಗ ದೊಡ್ಡದಾಗಿಯೇ ಇರುತ್ತದೆ. ಗಾಬರಿ ಬೇಡ, ಗಟ್ಟಿಯಾಗಿ ಕೂತದ್ದನ್ನು ಮುಟ್ಟುವ ಅಗತ್ಯವಿಲ್ಲ. ಕಾರ್ಖಾನೆಯ ಲೇಪ ಹಿಡಿದಿರುವಷ್ಟು ಗಟ್ಟಿಯಾಗಿ ಕೈಕೆಲಸದ ಲೇಪ ಹಿಡಿಯುವುದು ಕಷ್ಟ.

ಎರಡು ಇಂಚಿನ ಪುಟ್ಟಿ ಬ್ಲೇಡ್‌ನಿಂದ ಟೊಳ್ಳಿನ ನಡುವಿನಿಂದ ಅಂಚಿನ ಕಡೆ ಎಬ್ಬಿಸಿ. ಬಿಡಿಬಿಡಿಯಾಗಿ ಎದ್ದು ಬರುವಷ್ಟು ಹೊತ್ತೂ ಮುಂದುವರಿಯಿರಿ; ಬ್ಲೇಡ್ ತಡೆದು ನಿಂತ ಜಾಗದಿಂದ ಇನ್ನೂ ಒಂದು ಇಂಚು ಆಚೆಗೆ ತೆಗೆಯಿರಿ. ಗಟ್ಟಿ ಪಿವಿಸಿಗೆ ಹೀಟ್ ಗನ್ ಕಡಿಮೆ ಉರಿಯಲ್ಲಿಟ್ಟು ಕೈ ಇಡಲಾಗದಷ್ಟು ಬೆಚ್ಚಗೆ ಮಾಡಿದರೆ ಸಾಕು. ಗ್ಯಾಸ್ ಬರ್ನರ್ ಬೇಡವೇ ಬೇಡ: ಸುಟ್ಟ ಪಿವಿಸಿ ಹೈಡ್ರೋಕ್ಲೋರಿಕ್ ಆಮ್ಲದ ಹೊಗೆ ಬಿಡುತ್ತದೆ, ಗಂಟಲು–ಶ್ವಾಸಕೋಶಕ್ಕೂ ಕೆಟ್ಟದ್ದು, ತಗಡಿಗೂ ಕೆಟ್ಟದ್ದು. ಪೆಟ್ರೋಲ್ ಟ್ಯಾಂಕ್, ಪೆಟ್ರೋಲ್ ಪೈಪಿನ ಹತ್ತಿರ ಹೀಟ್ ಗನ್ ಆಗಲಿ ಗ್ರೈಂಡರ್ ಆಗಲಿ ತರಬೇಡಿ, ಅಲ್ಲಿ ಕೈಯಲ್ಲೇ ಕೆರೆಯಿರಿ. ಬಿಟುಮೆನ್‌ಗೆ ಟರ್ಪಂಟೈನ್ ನೆನೆಸಿದ ಬಟ್ಟೆ ಹತ್ತು ನಿಮಿಷ ಒತ್ತಿಟ್ಟರೆ ಮೆದುವಾಗುತ್ತದೆ. ಸೀಮೆಎಣ್ಣೆ ಹಾಕುವವರಿದ್ದಾರೆ, ಅದು ಜಿಡ್ಡಿನ ಪೊರೆ ಬಿಡುತ್ತದೆ, ತೆಗೆಯುವುದೇ ಇನ್ನೊಂದು ಕೆಲಸವಾಗುತ್ತದೆ.

ಉಳಿದ ತುಕ್ಕಿಗೆ ನಾಲ್ಕು ಇಂಚಿನ ಗ್ರೈಂಡರ್‌ಗೆ ನೈಲಾನ್ ಸ್ಟ್ರಿಪ್ ಡಿಸ್ಕ್ (ಒರಟು ನಾರಿನ ಬಿಲ್ಲೆ) ಹಾಕಿ. ತಂತಿ ಬ್ರಷ್ ಎರಡು ಕೇಡು ಮಾಡುತ್ತದೆ: ಸತುವಿನ ಪದರವನ್ನೂ ಕಿತ್ತುಹಾಕುತ್ತದೆ, ತುಕ್ಕನ್ನು ತೆಗೆಯುವ ಬದಲು ತಿಕ್ಕಿ ಹೊಳಪು ಕೊಡುತ್ತದೆ. ಹೊಳೆಯುವ ಕಂದು ಜಾಗ ಇನ್ನೂ ತುಕ್ಕೇ. ಪೂರ್ತಿ ಮುಚ್ಚಿದ ಕನ್ನಡಕ, ಕೈಗವಸು ಹಾಕಿಕೊಳ್ಳಿ. ಕೆಳಗಿನಿಂದ ಮೇಲೆ ನೋಡಿ ಕೆಲಸ ಮಾಡುವಾಗ ಉದುರುವುದೆಲ್ಲ ಮುಖಕ್ಕೇ.

ಕೊನೆಗೆ ಲೇಪದ ಅಂಚನ್ನು 80 ನಂಬರ್ ಸ್ಯಾಂಡ್ ಪೇಪರ್‌ನಿಂದ ಇಳಿಜಾರಾಗಿ ಉಜ್ಜಿ. ಬೆರಳು ಆಡಿಸಿದರೆ ಮೆಟ್ಟಿಲು ತಗಲಬಾರದು. ನೇರ ಮೆಟ್ಟಿಲು ಬಿಟ್ಟರೆ ಹೊಸ ಲೇಪ ಅಲ್ಲಿಂದಲೇ ಎದ್ದು ಬರುತ್ತದೆ.

ತುಕ್ಕು ಪರಿವರ್ತಕ, ಪ್ರೈಮರ್

ಗುಂಡಿಗಳ ತಳದಲ್ಲಿ ಉಳಿದ ತುಕ್ಕಿಗೆ ಮಾತ್ರ ತುಕ್ಕು ಪರಿವರ್ತಕ, ಅಂದರೆ ತುಕ್ಕನ್ನು ಗಟ್ಟಿ ಕಪ್ಪು ಪದರವಾಗಿಸುವ ಆಮ್ಲದ ದ್ರವ, ಸಾಕು. ಬ್ರಷ್‌ನಲ್ಲಿ ತೆಳ್ಳಗೆ ಹಚ್ಚಿ 24 ಗಂಟೆ ಬಿಡಿ, ಕಪ್ಪಾಗುತ್ತದೆ. ಜಾಸ್ತಿ ಸುರಿದರೆ ಆಮ್ಲ ಜಿಗುಟಾಗಿ ಉಳಿದು ಪ್ರೈಮರ್ ಬಿಟ್ಟುಬಿಡುತ್ತದೆ. ಹೊಳೆಯುವ ಉಕ್ಕಿಗೆ, ಚೆನ್ನಾಗಿರುವ ಪ್ರೈಮರಿಗೆ ಇದು ಬೇಡ. 120 ನಂಬರ್ ಸ್ಯಾಂಡ್ ಪೇಪರ್‌ನಿಂದ ಗೀರಿದರೆ ಆಯಿತು.

ಮುಂದೆ ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ. ಒಂದು ಬಟ್ಟೆಯಿಂದ ಹಚ್ಚಿ, ಆರುವ ಮುಂಚೆ ಇನ್ನೊಂದು ಒಣ ಬಟ್ಟೆಯಿಂದ ತೆಗೆಯಿರಿ. ಒಂದೇ ಬಟ್ಟೆಯಾದರೆ ಜಿಡ್ಡು ಇಲ್ಲಿಂದ ಅಲ್ಲಿಗೆ ಹೋಗುತ್ತದೆ ಅಷ್ಟೆ. ಆಮೇಲೆ ಬರಿಗೈ ತಗಲಿಸಬೇಡಿ.

ಪ್ರೈಮರ್ ಎರಡು ಡಬ್ಬಿಯ ಎಪಾಕ್ಸಿಯೇ ಆಗಬೇಕು. ಒಂದು ಚದರ ಮೀಟರಿಗೆ ಎರಡು ಕೋಟ್ ಎಂದರೆ 300 ಮಿ.ಲೀ. ಹಿಡಿಯುತ್ತದೆ. ಗಟ್ಟಿಕಾರಕದ ಪ್ರಮಾಣ ಡಬ್ಬಿಯ ಮೇಲಿರುತ್ತದೆ, ಅಳತೆ ಲೋಟದಲ್ಲೇ ಹಾಕಿ; ಕಣ್ಣಂದಾಜಿಗೆ ಹಾಕಿದ್ದು ಒಂದೋ ಹಸಿಯಾಗಿ ಉಳಿಯುತ್ತದೆ, ಇಲ್ಲ ಪುಡಿಯಾಗುತ್ತದೆ. ಏಪ್ರಿಲ್–ಮೇ ಬಿಸಿಲಲ್ಲಿ ಕಲಸಿದ್ದು ಬೇಗ ಗಟ್ಟಿಯಾಗುವುದರಿಂದ ಸ್ವಲ್ಪಸ್ವಲ್ಪವೇ ಕಲಸಿ. ದೀಪಾವಳಿ ಕಳೆದ ಮೇಲಿಂದ ಫೆಬ್ರವರಿವರೆಗೆ ಈ ಕೆಲಸಕ್ಕೆ ಒಳ್ಳೆಯ ಕಾಲ, ಬೆಳಿಗ್ಗೆ ಇಬ್ಬನಿ ಆರಿದ ಮೇಲೆ ಹತ್ತರಿಂದ ನಾಲ್ಕು ಗಂಟೆಯೊಳಗೆ. ದ್ರಾವಕದ ಆವಿ ತಡೆಯುವ ಕಾರ್ಟ್ರಿಡ್ಜ್ ಮಾಸ್ಕ್ ಹಾಕಿ, ದೂಳಿನ ಮಾಸ್ಕ್ ಸಾಲದು.

ತಗಡು ತಗಡು ಸೇರುವ ಕಡೆ ಹಳೆಯ ಸೀಲರ್ ಬಿರಿದಿದ್ದರೆ, ಎಪಾಕ್ಸಿ ಆರಿದ ಮೇಲೆ ಪಾಲಿಯುರೆಥೇನ್ ಸೀಮ್ ಸೀಲರ್ ಎಳೆಯಿರಿ. ನೀರು ಒಳಹೋಗುವ ಮೊದಲ ಬಾಗಿಲು ಇದೇ ಸಂದು.

ಮೇಲಿನ ಲೇಪ

ಜಲ್ಲಿ ಏಟು ತಡೆಯುವ ರಬ್ಬರ್ ಗುಣದ ಸ್ಟೋನ್ ಚಿಪ್ ಲೇಪ, ಮೇಲೆ ಪೇಂಟ್ ಹಿಡಿಯುವಂಥದ್ದು, ಬೂದು ಬಣ್ಣದ್ದು ತೆಗೆದುಕೊಳ್ಳಿ. ಬೂದು ಯಾಕೆಂದರೆ ನಾಳೆ ತುಕ್ಕಿನ ಗೆರೆ ಇಳಿದರೆ ಅದರ ಮೇಲೆ ಕಾಣುತ್ತದೆ. ಕಪ್ಪು ಎಲ್ಲವನ್ನೂ ಮುಚ್ಚಿಡುತ್ತದೆ. ಅರ್ಧ ಮಿ.ಮೀ. ದಪ್ಪಕ್ಕೆ ಒಂದು ಲೀಟರ್ ಡಬ್ಬಿ ಸುಮಾರು ಒಂದು ಚದರ ಮೀಟರಿಗೆ ಬರುತ್ತದೆ. ಒಂದು ಅಡಿ ದೂರದಿಂದ ಎರಡು ತೆಳು ಕೋಟ್ ಹೊಡೆಯಿರಿ. ಒಂದೇ ಸಲ ದಪ್ಪಗೆ ಹೊಡೆದರೆ ಮೇಲ್ಪೊರೆ ಆರಿ ಒಳಗೆ ದ್ರಾವಕ ಉಳಿದು ಗುಳ್ಳೆ ಏಳುತ್ತದೆ. ಹಳೆಯ ಲೇಪದ ಮೇಲೆ ಎರಡು ಇಂಚು ಹಾಯಲಿ, ಆ ಭಾಗ ಮುಂಚೆಯೇ ಗೀರಿರಬೇಕು. ಹಳೆಯದು ಬಿಟುಮೆನ್ ಆಗಿದ್ದರೆ ಈ ಲೇಪದ ದ್ರಾವಕ ಅದನ್ನು ಕರಗಿಸಿ ಸುಕ್ಕು ಬರಿಸಬಹುದು. ಮೂಲೆಯಲ್ಲಿ ಅಂಗೈಯಗಲ ಹೊಡೆದು ಒಂದು ದಿನ ನೋಡಿ.

ಸೈಲೆನ್ಸರ್, ಅದರ ಮೇಲಿನ ಶಾಖ ತಡೆಯುವ ತಗಡು, ಬ್ರೇಕ್ ಡಿಸ್ಕ್, ಆಕ್ಸಲ್, ಬುಷ್, ಸೆನ್ಸರ್, ಬೋಲ್ಟ್ ತಲೆಗಳು ಇವೆಲ್ಲ ಮಾಸ್ಕಿಂಗ್ ಟೇಪ್, ಪೇಪರಿನಡಿ ಇರಬೇಕು. ಬಾಗಿಲ ಕೆಳಗಿನ ಪಟ್ಟಿಯ ನೀರಿನ ತೂತುಗಳಿಗೆ ಕಾಗದದ ಬತ್ತಿ ಸುರುಳಿ ಸಿಕ್ಕಿಸಿ, ಲೇಪ ಹಸಿ ಇರುವಾಗಲೇ ಕೀಳಿರಿ. ಆ ತೂತು ಮುಚ್ಚಿಹೋದ ಕಾರು ಒಳಗಿನಿಂದ ಕೊಳೆಯುತ್ತದೆ. ಕಾಣುವ ಹೊತ್ತಿಗೆ ಪಟ್ಟಿಯೇ ಬದಲಾಯಿಸಬೇಕಾಗುತ್ತದೆ. ಲೇಪ ಗಟ್ಟಿಯಾದ ಮೇಲೆ ಅದೇ ತೂತುಗಳ ಮೂಲಕ ಉದ್ದ ನಳಿಗೆಯಿಂದ ಕ್ಯಾವಿಟಿ ವ್ಯಾಕ್ಸ್ (ಟೊಳ್ಳು ಭಾಗದ ಒಳಮೈಗೆ ತುಕ್ಕು ಹಿಡಿಯದಂತೆ ಹಾಕುವ ಮೇಣ) ಸಿಂಪಡಿಸಿ, ಹನಿ ಸೋರುವುದು ನಿಂತ ಮೇಲೆ ತೂತು ಒರೆಸಿ.

ಎರಡು ದಿನ ಓಡಿಸಬೇಡಿ, ಒಂದು ವಾರ ಪ್ರೆಶರ್ ನೀರು ಬೇಡ. ವಾಟರ್ ಸರ್ವಿಸ್‌ಗೆ ಬಿಟ್ಟಾಗ, ಅಡಿಗೆ ಡೀಸೆಲ್ ಹೊಡೆಯಬೇಡಿ ಎಂದು ಬಾಯಿಬಿಟ್ಟು ಹೇಳಿ. ತುಕ್ಕು ಹಿಡಿಯದಿರಲಿ ಎಂದು ಹೊಡೆಯುತ್ತಾರೆ, ಆದರೆ ಡೀಸೆಲ್ ಬಿಟುಮೆನ್ ಕರಗಿಸುತ್ತದೆ, ರಬ್ಬರ್ ಬುಷ್ ಉಬ್ಬಿಸುತ್ತದೆ, ದೂಳು ಅಂಟಿಸಿಕೊಳ್ಳುತ್ತದೆ. ಮೇ ಕೊನೆಯಲ್ಲಿ, ಮುಂಗಾರಿಗೆ ಮುಂಚೆ, ಒಮ್ಮೆ ಎತ್ತಿಸಿ ಮುಂದಿನ ಟೈರುಗಳ ಹಿಂದಿನ ಜಾಗವನ್ನು ಮತ್ತೆ ತಟ್ಟಿ ನೋಡಿ. ನಾಣ್ಯದಷ್ಟು ಟೊಳ್ಳು ಸಿಕ್ಕರೆ ಅಂದೇ ಕೆರೆದು ಮುಚ್ಚಬಹುದು.