ಮೂವರೇ ಸಾಕು: ನಮ್ಮ ಕೂಟ ನಿಂತ ಬಗೆ

"ಮೂವರು ಕೂತು ಪಾಪ ಅರಿಕೆ ಮಾಡಿಕೊಂಡರೆ ನಾಳೆ ಸಭೆಗೆಲ್ಲ ಗೊತ್ತಾಗುತ್ತೆ" ಅಂತ ನಮ್ಮ ಚರ್ಚಿನ ಸಭೆಯ ಹಿರಿಯರೇ ಹೇಳಿದ್ದರು. ಎರಡು ತಿಂಗಳು ನಡೆದರೆ ಹೆಚ್ಚು ಅಂದವರೂ ಇದ್ದರು. ಈಗ ಆರು ವರ್ಷದ ಮೇಲಾಯಿತು. ಒಂದು ಮಾತೂ ಹೊರಗೆ ಹೋಗಿಲ್ಲ. ಅಂದು ಅನುಮಾನಪಟ್ಟವರಲ್ಲಿ ಒಬ್ಬರು ಈಗ ತಾವೇ ಇಬ್ಬರನ್ನು ಕೂಡಿಸಿಕೊಂಡಿದ್ದಾರೆ. ಇದನ್ನು ಹೇಳೋಕೆ ನನಗೆ ಹೆಮ್ಮೆ ಇದೆ.

ಪ್ರಾರ್ಥನಾ ಕೂಟ ನಡೆಸೋದು ನಿಮಗೆಲ್ಲ ಗೊತ್ತಿರೋದೇ. ಮುಂಚೆ ಎಲ್ಲಿ ಕೆಟ್ಟಿತು ಅನ್ನೋದನ್ನ ಹೇಳುತ್ತೇನೆ.

ಮೊದಲ ಕೂಟದಲ್ಲಿ ಹದಿನೈದು ಜನರ ಹತ್ತಿರ ಇದ್ದೆವು. ಹಾಡು, ವಾಕ್ಯ, ಸಾಕ್ಷಿ ಎಲ್ಲ ಚೆನ್ನಾಗಿತ್ತು. ಆದರೆ "ಹೇಗಿದ್ದೀರಿ?" ಅಂದರೆ "ದೇವರ ಕೃಪೆ, ಚೆನ್ನಾಗಿದ್ದೀವಿ". ಅಷ್ಟಕ್ಕೇ ಮುಗೀತು. ಅಷ್ಟು ಜನರ ಮುಂದೆ ಯಾರು ತಾನೇ ಬಾಯಿ ಬಿಡುತ್ತಾರೆ? ಪ್ರಾರ್ಥನಾ ವಿನಂತಿ ಕೇಳಿದರೆ ನೆಂಟರ ಕಾಯಿಲೆ, ಮಕ್ಕಳ ಪರೀಕ್ಷೆ. ತಮ್ಮ ಆತ್ಮದ ವಿಷಯ ಒಬ್ಬರೂ ಎತ್ತಲಿಲ್ಲ.

ಎರಡನೆಯದು ಏಳೆಂಟು ಜನರದು. ಅದನ್ನು ಒಡೆದದ್ದು ದುಡ್ಡು. ಕಷ್ಟದಲ್ಲಿದ್ದ ಒಬ್ಬರಿಗೆ ಇನ್ನೊಬ್ಬರು ದೊಡ್ಡ ಮೊತ್ತವನ್ನೇ ಸಾಲ ಕೊಟ್ಟರು. ಹೇಳಿದ ಹೊತ್ತಿಗೆ ವಾಪಸ್ ಬರಲಿಲ್ಲ. ತಗೊಂಡವರು ಕೂಟಕ್ಕೆ ಬರೋದನ್ನೇ ಬಿಟ್ಟರು. ಕೊಟ್ಟವರು ಬಂದರೂ ಮುಖ ಗಂಟು ಹಾಕಿಕೊಂಡೇ ಕೂರುತ್ತಿದ್ದರು. ಈಗ ನಮ್ಮಲ್ಲಿ ಸಾಲ ಅನ್ನೋದೇ ಇಲ್ಲ. ಕೊಟ್ಟರೆ ಕೊಟ್ಟ ಹಾಗೆ, ವಾಪಸ್ ಕೇಳಬಾರದು. ಜೊತೆಗೆ, ದುಡ್ಡು ಎಲ್ಲಿಗೆ ಹೋಯಿತು ಅಂತ ತಿಂಗಳಿಗೊಮ್ಮೆ ಒಬ್ಬರಿಗೊಬ್ಬರು ಲೆಕ್ಕ ಕೇಳುತ್ತೇವೆ. ಬೇರೆ ಶೋಧನೆಗಳನ್ನು, ಅಂದರೆ ಪಾಪದ ಸೆಳೆತಗಳನ್ನು, ಹೇಳಿಕೊಳ್ಳೋದಕ್ಕಿಂತ ಇದೇ ಜಾಸ್ತಿ ಕಷ್ಟ.

ಹಾಗಂತ ದುಡ್ಡಿನಿಂದಲೇ ಹುಟ್ಟಿದ ಕೂಟವೂ ಇದೆ. 1742ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನ ಮೆಥಡಿಸ್ಟರು ಅನ್ನೋ ಕ್ರೈಸ್ತ ಗುಂಪಿನವರು ಕಟ್ಟಡದ ಸಾಲ ತೀರಿಸೋಕೆ ಸುಮಾರು ಹನ್ನೆರಡು ಜನರಿಗೊಬ್ಬ ಮುಂದಾಳನ್ನು ಇಟ್ಟು, ವಾರಕ್ಕೆ ತಲಾ ಒಂದು ಪೆನ್ನಿ ಎತ್ತಿಸಿದರು. ಮನೆಮನೆಗೆ ಹೋದವರಿಗೆ ಜನ ನಿಜಕ್ಕೂ ಹೇಗೆ ಬದುಕುತ್ತಿದ್ದಾರೆ ಅನ್ನೋದು ಕಣ್ಣಿಗೆ ಬಿತ್ತು. ಅವರ ನಾಯಕ ಜಾನ್ ವೆಸ್ಲಿ ಅದನ್ನೇ ಆತ್ಮಿಕ ವಿಚಾರಣೆಯ ಕೂಟ ಮಾಡಿದರು. ಅದಕ್ಕಿಂತ ಚಿಕ್ಕದಾದ 'ಬ್ಯಾಂಡ್' ಅನ್ನೋ ಗುಂಪುಗಳಿಗೆ ಅವರು 1738ರಲ್ಲೇ ನಿಯಮ ಬರೆದಿದ್ದರು. ಪಾಪಗಳನ್ನು ಒಬ್ಬರಿಗೊಬ್ಬರು ಹೇಳಿಕೊಳ್ಳಿ ಅನ್ನೋ ಬೈಬಲಿನ ಯಾಕೋಬ 5:16ರ ಅರಿಕೆಯೇ ಅದರ ಗುರಿ. ನಾನು ಹಿಡಿದದ್ದು ಈ ಚಿಕ್ಕದನ್ನೇ.

ನಾವು ಮೂವರೂ ಗಂಡಸರು. ವಾರಕ್ಕೊಮ್ಮೆ, ಒಂದು ಗಂಟೆ ಚಿಲ್ಲರೆ ಕೂರುತ್ತೇವೆ. "ಪ್ರಾರ್ಥನೆ ಮಾಡಿದೆಯಾ?" ಅಂತ ಕೇಳೋದಿಲ್ಲ, ಅದಕ್ಕೆ ಹೌದು ಅನ್ನೋದು ಸುಲಭ. "ಯಾವ ದಿನ ಬಿಟ್ಟೆ? ಅವತ್ತು ಏನಾಗಿತ್ತು?" ಅಂತ ಕೇಳುತ್ತೇವೆ. ಕೊನೆಗೆ ಕೇಳುವ ಇನ್ನೊಂದು ಪ್ರಶ್ನೆ ಇದೆ. ಅದನ್ನ ಇಲ್ಲಿ ಬರೆಯೋದಿಲ್ಲ. ನಿಮ್ಮದು ನಿಮ್ಮ ಮೂವರ ನಡುವೆಯೇ ಹುಟ್ಟಬೇಕು.

ನಮ್ಮಲ್ಲೊಬ್ಬರು ಅಣ್ಣನ ಜೊತೆ ಮಾತು ಬಿಟ್ಟು ವರ್ಷಗಳಾಗಿದ್ದವು. ಕ್ಷಮಿಸಿದ್ದೇನೆ ಅನ್ನುತ್ತಿದ್ದರು. "ಹಾಗಾದರೆ ಫೋನ್ ಮಾಡಿದಿರಾ?" ಅಂತ ವಾರವಾರ ಕೇಳಿದೆವು. ಒಂದು ಸಲ ಸಿಟ್ಟಾಗಿ ಎದ್ದೇ ಹೋದರು. ಮುಂದಿನ ವಾರ ಬಂದವರು ನಮ್ಮೆದುರೇ ಫೋನ್ ಹಚ್ಚಿದರು. ಕೈ ನಡುಗುತ್ತಿತ್ತು. ಆ ಕಡೆಯಿಂದ ಬಂದ ಮೊದಲ ಮಾತು "ಊಟ ಆಯ್ತಾ?" ಅಷ್ಟು ವರ್ಷ ಒಬ್ಬರೇ ಮಾಡಿದ ಪ್ರಾರ್ಥನೆಯಿಂದ ಅವರು ಆ ನಂಬರ್ ಒತ್ತಿರಲಿಲ್ಲ.

ನಡುವೆ ಬೇರೆ ಪ್ರಯೋಗಗಳನ್ನೂ ಮಾಡಿದೆವು. ಒಟ್ಟಿಗೆ ಉಪವಾಸ ಇಟ್ಟದ್ದು ಚೆನ್ನಾಗಿತ್ತು. ದಿನಾ ಫೋನಿನಲ್ಲಿ ವಚನ ಕಳಿಸೋದು ಸುಮ್ನೆ 'ಆಮೆನ್' ಒತ್ತೋದಕ್ಕೆ ಇಳಿಯಿತು, ಬಿಟ್ಟೆವು. 119ನೇ ಕೀರ್ತನೆಯಲ್ಲಿ ಎಂಟೆಂಟು ವಚನದ 22 ಭಾಗಗಳಿವೆ ಅಲ್ವಾ, ತಿಂಗಳಿಗೊಂದು ಭಾಗ ಬಾಯಿಪಾಠ ಮಾಡಿ ಒಬ್ಬರಿಗೊಬ್ಬರು ಒಪ್ಪಿಸುತ್ತಿದ್ದೇವೆ. ಅರ್ಧಕ್ಕಿಂತ ಸ್ವಲ್ಪ ಮುಂದೆ ಬಂದಿದ್ದೇವೆ. ಈ ತಿಂಗಳ ಭಾಗ ಮೂವರಿಗೂ ಇನ್ನೂ ಪೂರ್ತಿ ಬಂದಿಲ್ಲ.