ಥಂಡಿ ಆಗಿಬರದ ಮನೆ

ನಾನು ಮಡಿಕೇರಿಯಲ್ಲಿ ಮಕ್ಕಳ ಡಾಕ್ಟರ್. ಜೂನ್ ಬಂತೆಂದರೆ ನನ್ನ ಕ್ಲಿನಿಕ್ಕಿನ ಬೆಂಚುಗಳು ಒಣಗುವುದೇ ಇಲ್ಲ. ಮೂಲೆಯಲ್ಲಿ ಒದ್ದೆ ಕೊಡೆಗಳ ರಾಶಿ, ಅಮ್ಮಂದಿರ ತೊಡೆಯ ಮೇಲೆ ಸ್ವೆಟರ್ ಹಾಕಿಕೊಂಡು ಮುದುಡಿ ಕೂತ ಮಕ್ಕಳು. ಕೊಡಗಿನ ಮಳೆಗಾಲದಲ್ಲಿ ಮಗುವಿಗೆ ಜ್ವರ ಬಂದರೆ ಯಾರಿಗೂ ಆಶ್ಚರ್ಯ ಆಗುವುದಿಲ್ಲ. ನನಗೂ ಆಗಲಿಲ್ಲ. ಅದಕ್ಕೇ ಈ ಕಾಯಿಲೆ ಹಿಡಿಯಲು ನನಗೆ ನಾಲ್ಕು ವರ್ಷ ಬೇಕಾಯಿತು.

ಮನೆಯವರ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಗುರುತು ಸಿಗದಿರಲಿ ಎಂದು ಒಂದೆರಡು ವಿವರ ಬದಲಿಸಿದ್ದೇನೆ.

2014ರ ಜುಲೈಯಲ್ಲಿ ಆ ಹುಡುಗಿಯನ್ನು ಮೊದಲ ಸಲ ನೋಡಿದೆ. ಆಗ ಅವಳಿಗೆ ಎರಡು ವರ್ಷ. ಅಪ್ಪ ಕಾಫಿ ತೋಟದಲ್ಲಿ ಲೆಕ್ಕ ಬರೆಯುವ ರೈಟರ್. "ನಿನ್ನೆ ಸಂಜೆ ಮೈತುಂಬಾ ಕೆಂಪು ದದ್ದು ಎದ್ದಿತ್ತು, ಜ್ವರ ಇತ್ತು, ಕಣ್ಣೂ ಕೆಂಪಾಗಿತ್ತು. ಬೆಳಿಗ್ಗೆ ಎದ್ದು ನೋಡಿದರೆ ಏನೂ ಇಲ್ಲ ಡಾಕ್ಟ್ರೇ" ಎಂದರು ಅಮ್ಮ. ಮಗು ನನ್ನ ಮೇಜಿನ ಮೇಲಿನ ಸ್ಟೆತೊಸ್ಕೋಪ್ ಎಳೆಯುತ್ತಾ ಆರಾಮಾಗಿ ಆಡುತ್ತಿತ್ತು. ಪಿತ್ತದ ಗಂಧೆ ಇರಬೇಕು ಅಂದುಕೊಂಡು ಸೆಟ್ರಿಜಿನ್ ಸಿರಪ್ ಬರೆದುಕೊಟ್ಟೆ.

ಮುಂದಿನ ನಾಲ್ಕು ವರ್ಷ ಹೀಗೇ ನಡೆಯಿತು. ಮಳೆಗಾಲದಲ್ಲಿ ಜಾಸ್ತಿ, ಕಾಫಿ ಕುಯ್ಲಿನ ಸಮಯದ ಚಳಿ ಬೆಳಗುಗಳಲ್ಲಿ ಇನ್ನಷ್ಟು. ಬಂದಾಗಲೆಲ್ಲ ದದ್ದು ಮಾಯವಾಗಿರುತ್ತಿತ್ತು. ಸೆಟ್ರಿಜಿನ್ನಿಂದ ಏನೂ ಪ್ರಯೋಜನ ಆಗಲಿಲ್ಲ. ಬೇರೆ ಬೇರೆ ಕಡೆ ತೋರಿಸಿದಾಗ ಮೂರು ಸಲ ವಿಡಾಲ್ ಪರೀಕ್ಷೆ ನೋಡಿ ಟೈಫಾಯ್ಡ್ ಎಂದು ಆಂಟಿಬಯಾಟಿಕ್ ಕೊಟ್ಟಿದ್ದರು. ಒಂದೇ ಒಂದು ಸಲ ಮಾಡಿದ ವಿಡಾಲ್ ನಂಬಿ ಟೈಫಾಯ್ಡ್ ಎನ್ನುವುದು ನಮ್ಮ ಕಡೆ ತುಂಬಾ ನಡೆಯುತ್ತದೆ. ಜ್ವರ ಮರುದಿನ ತಾನಾಗಿಯೇ ಇಳಿಯುತ್ತಿತ್ತು. ಹೆಸರು ಮಾತ್ರ ಆಂಟಿಬಯಾಟಿಕ್ಕಿಗೆ ಹೋಗುತ್ತಿತ್ತು.

2016ರಲ್ಲಿ ಅಮ್ಮ ಸ್ಪಷ್ಟವಾಗಿಯೇ ಹೇಳಿದರು: "ಥಂಡಿ ಗಾಳಿಗೆ ಹೋದರೆ ಬರುತ್ತೆ ಡಾಕ್ಟ್ರೇ." ಥಂಡಿಯ ಅಲರ್ಜಿ ಇರಬಹುದು ಎಂದು ಐಸ್ ಪರೀಕ್ಷೆ ಮಾಡಿದೆ. ಐಸ್ ತುಂಡನ್ನು ತೆಳ್ಳಗಿನ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಮುಂಗೈ ಮೇಲೆ ಐದು ನಿಮಿಷ ಇಟ್ಟು, ತೆಗೆದು, ಹತ್ತು ನಿಮಿಷ ಕಾದೆ. ಚರ್ಮ ಒದ್ದೆಯಾಗಿ ತುಸು ಕೆಂಪಾಯಿತು ಅಷ್ಟೆ, ಗಂಧೆ ಏಳಲಿಲ್ಲ. "ಥಂಡಿ ಅಲರ್ಜಿ ಇಲ್ಲ" ಎಂದು ಚೀಟಿಯಲ್ಲಿ ಬರೆದೆ. ಅಮ್ಮ ಆ ಚೀಟಿ ನೋಡಿ ಏನೂ ಮಾತಾಡದೆ ಮಡಚಿ ಪರ್ಸಿನಲ್ಲಿ ಇಟ್ಟುಕೊಂಡರು. ಅವರು ಹೇಳಿದ್ದೇ ಸರಿ ಇತ್ತು. ಆ ಮಗುವಿಗೆ ಇದ್ದ ಕಾಯಿಲೆಯಲ್ಲಿ ಐಸ್ ಪರೀಕ್ಷೆಗೆ ಏನೂ ಏಳುವುದಿಲ್ಲ. ಒಂದು ಜಾಗಕ್ಕೆ ಐಸ್ ತಾಗಿದರೆ ಸಾಲದು, ಇಡೀ ಮೈಗೆ ತಂಪು ಗಾಳಿ ತಾಗಬೇಕು. ತಾಗಿದ ಎರಡು ಮೂರು ಗಂಟೆಯ ಮೇಲೆ ದದ್ದು ಶುರುವಾಗುತ್ತದೆ. ಇದು ನನಗೆ ಆಗ ಗೊತ್ತಿರಲಿಲ್ಲ.

2018ರ ಆಗಸ್ಟ್. ಆ ವರ್ಷದ ಮಳೆ, ಗುಡ್ಡ ಕುಸಿತ ಕೊಡಗಿನವರು ಯಾರೂ ಮರೆಯುವುದಿಲ್ಲ. ನಾನೂ ದಿನಾ ಒಂದು ಪರಿಹಾರ ಕೇಂದ್ರಕ್ಕೆ ಹೋಗಿ ರೋಗಿಗಳನ್ನು ನೋಡುತ್ತಿದ್ದೆ. ಒಂದು ಸಂಜೆ ಐದು ಗಂಟೆ ಹೊತ್ತಿಗೆ ಹಾಲ್‌ನ ಮೂಲೆಯಲ್ಲಿ ಈ ಹುಡುಗಿ ಕಾಣಿಸಿದಳು. ಪಕ್ಕದಲ್ಲಿ ಅಪ್ಪ, ಅವರ ಪಕ್ಕ ಅಜ್ಜಿ. ಮೂವರೂ ಒಂದೇ ಚಾಪೆಯ ಮೇಲೆ ಕಂಬಳಿ ಹೊದ್ದು ಮಲಗಿದ್ದರು. ಬೆಳಿಗ್ಗೆ ಮಳೆಯಲ್ಲಿ ನೆನೆದುಕೊಂಡೇ ನಡೆದು ಬಂದಿದ್ದರಂತೆ.

ಕಂಬಳಿ ಸರಿಸಿದೆ. ಮೂವರ ಮೈಮೇಲೂ ಒಂದೇ ದದ್ದು. ರೂಪಾಯಿ ನಾಣ್ಯದಷ್ಟು ಅಗಲದ, ಸ್ವಲ್ಪ ಉಬ್ಬಿದ ಕೆಂಪು ತಟ್ಟುಗಳು. ಬೆರಳಿಂದ ಒತ್ತಿದರೆ ಬಿಳಿಯಾಗಿ, ಬಿಟ್ಟರೆ ಮತ್ತೆ ಕೆಂಪಾಗುತ್ತಿದ್ದವು. ಮೂವರ ಕಣ್ಣೂ ಕೆಂಪು. ಅಜ್ಜಿಯ ಬೆರಳ ಗೆಣ್ಣುಗಳು ಊದಿ, ಬಳೆ ಮಣಿಕಟ್ಟಿನಲ್ಲಿ ಬಿಗಿಯಾಗಿ ಕೂತಿತ್ತು. "ಕಡಿತ ಇದೆಯಾ?" ಎಂದೆ. "ಕಡಿಯಲ್ಲ, ಉರಿಯುತ್ತೆ" ಎಂದರು ಅಪ್ಪ. ಅಜ್ಜಿಗೆ ಕಿವಿ ಕೇಳಿಸುತ್ತಿರಲಿಲ್ಲ. ಮಗ ಅವರ ಕಿವಿಯ ಹತ್ತಿರ ಹೋಗಿ ನನ್ನ ಪ್ರಶ್ನೆಯನ್ನು ಕೂಗಿ ಹೇಳಿದರು. ಅಜ್ಜಿ ನನಗೇ ಸಮಾಧಾನ ಹೇಳಿದರು: "ಇದು ಕಾಯಿಲೆ ಅಲ್ಲ ಡಾಕ್ಟ್ರೇ. ನಮ್ಮ ಮನೆಯವರ ಮೈಯೇ ಹೀಗೆ. ನಮಗೆ ಥಂಡಿ ಆಗಿಬರಲ್ಲ. ನಾಳೆ ಬೆಳಿಗ್ಗೆ ಸರಿಹೋಗುತ್ತೆ."

ಆ ಮಾತು ಕೇಳಿ ಅಲ್ಲೇ ಚಾಪೆಯ ಅಂಚಿನಲ್ಲಿ ಕೂತುಬಿಟ್ಟೆ. ಅಜ್ಜಿಗೆ ಯಾವಾಗಿಂದ ಕಿವಿ ಕೇಳಿಸುತ್ತಿಲ್ಲ ಎಂದು ವಿಚಾರಿಸಿದೆ. ಮೂವತ್ತೈದು ವರ್ಷಕ್ಕೇ ಕಡಿಮೆಯಾಗತೊಡಗಿತ್ತಂತೆ. ಅವರ ಅಣ್ಣನಿಗೂ ಇದೇ ದದ್ದು, ಇದೇ ಕಿವುಡು. ಐವತ್ತು ದಾಟುವ ಮೊದಲೇ ಕಿಡ್ನಿ ಕೆಟ್ಟು ತೀರಿಹೋಗಿದ್ದರು. ನಾಲ್ಕು ವರ್ಷದಲ್ಲಿ ನಾನು ಈ ಪ್ರಶ್ನೆಗಳಲ್ಲಿ ಒಂದನ್ನೂ ಕೇಳಿರಲಿಲ್ಲ. "ಮನೆಯಲ್ಲಿ ಯಾರಿಗಾದರೂ ಕಾಯಿಲೆ ಇದೆಯಾ?" ಎಂದು ಕೇಳಿದ್ದೆ, ಅವರು ಇಲ್ಲ ಎಂದಿದ್ದರು. ಅವರ ಲೆಕ್ಕದಲ್ಲಿ ಅದು ಕಾಯಿಲೆಯೇ ಆಗಿರಲಿಲ್ಲವಲ್ಲ.

ಮೂವರ ದದ್ದಿನ ಫೋಟೋ ತೆಗೆದು, ಗಂಟೆ ಬರೆದಿಟ್ಟೆ. ಆಗಲೇ ರಕ್ತವನ್ನೂ ತೆಗೆಸಿದೆ. ಮೂವರಲ್ಲೂ ಸಿಆರ್‌ಪಿ, ಅಂದರೆ ಮೈಯಲ್ಲಿ ಉರಿಯೂತ ಎಷ್ಟಿದೆ ಎಂದು ತೋರಿಸುವ ಅಂಶ, ತುಂಬಾ ಮೇಲಿತ್ತು. ಆಗಿನದು ಇಲಿ ಜ್ವರ, ಡೆಂಗಿ ಎರಡಕ್ಕೂ ಹೆದರಬೇಕಾದ ಸಮಯ. ಆ ಪರೀಕ್ಷೆಗಳನ್ನೂ ಮಾಡಿಸಿದೆ, ಯಾವುದೂ ಇರಲಿಲ್ಲ. ಅಜ್ಜಿಯ ಮೂತ್ರದಲ್ಲಿ ಅದ್ದಿದ ಪಟ್ಟಿ ಪ್ರೋಟೀನ್ ಜಾಗದಲ್ಲಿ ಕಡು ಹಸಿರಾಯಿತು. ಆ ಹಸಿರು ಇವತ್ತಿಗೂ ನನ್ನ ಕಣ್ಣ ಮುಂದಿದೆ.

ಬೆಂಗಳೂರಿನ ತಜ್ಞರ ಜೊತೆ ಮಾತಾಡಿ ಹುಡುಗಿಯ ಮತ್ತು ಅಪ್ಪನ ರಕ್ತವನ್ನು ಜೀನ್ ಪರೀಕ್ಷೆಗೆ ಕಳಿಸಿದೆವು. 2019ರ ಆರಂಭದಲ್ಲಿ ವರದಿ ಬಂತು. ಇಬ್ಬರಲ್ಲೂ ಎನ್‌ಎಲ್‌ಆರ್‌ಪಿ3 ಎಂಬ ಜೀನಿನಲ್ಲಿ ಒಂದೇ ಬದಲಾವಣೆ. ಈ ಜೀನಿನ ತೊಂದರೆಗಳನ್ನು ಒಟ್ಟಾಗಿ ಕ್ಯಾಪ್ಸ್ ಎನ್ನುತ್ತಾರೆ. ಹತ್ತು ಲಕ್ಷ ಜನರಲ್ಲಿ ಒಬ್ಬಿಬ್ಬರಿಗೆ ಇದ್ದರೆ ಹೆಚ್ಚು. ಥಂಡಿಗೆ ದದ್ದು, ಜ್ವರ ಬರುವ ಕುಟುಂಬದ ಬಗ್ಗೆ 1940ರಲ್ಲೇ ಅಮೆರಿಕದಲ್ಲಿ ಬರೆದಿದ್ದರು. ದದ್ದಿನ ಜೊತೆ ಕಿವುಡು, ಕಿಡ್ನಿ ತೊಂದರೆ ಇದ್ದ ಇಂಗ್ಲೆಂಡಿನ ಕುಟುಂಬವೊಂದರ ಬಗ್ಗೆ ಮಕಲ್ ಮತ್ತು ವೆಲ್ಸ್ ಎಂಬ ಡಾಕ್ಟರುಗಳು 1962ರಲ್ಲಿ ಬರೆದರು. ಎರಡಕ್ಕೂ ಕಾರಣ ಒಂದೇ ಜೀನ್ ಎಂದು ಗೊತ್ತಾಗಿದ್ದು 2001ರಲ್ಲಿ.

ಆ ಮನೆಯವರಿಗೆ ನಾನು ಹೀಗೆ ವಿವರಿಸಿದೆ. ತೋಟಕ್ಕೆ ಆನೆ ಬಂದರೆ ಕೂಗಲಿ ಅಂತ ಸೈರನ್ ಹಾಕಿರುತ್ತೀರಿ. ಅದು ಗಾಳಿ ಬೀಸಿದರೂ ಕೂಗಿದರೆ? ಊರಿನವರೆಲ್ಲ ಎದ್ದು ಪಟಾಕಿ ಹೊಡೆಯುತ್ತಾರೆ, ಆನೆ ಮಾತ್ರ ಇಲ್ಲ. ನಿಮ್ಮ ಮೈಯ ಸೈರನ್ ಹಾಗಾಗಿದೆ. ಅದರ ಕೂಗಿನ ಹೆಸರು ಇಂಟರ್‌ಲ್ಯೂಕಿನ್-1. ಜ್ವರ, ದದ್ದು, ಗಂಟು ನೋವು ಎಲ್ಲ ಅದರಿಂದಲೇ. ವರ್ಷಗಟ್ಟಲೆ ಕೂಗುತ್ತಿದ್ದರೆ ಲಿವರ್ ತಯಾರಿಸುವ ಒಂದು ಪ್ರೋಟೀನ್ ಕಿಡ್ನಿಯಲ್ಲಿ ಹೋಗಿ ಕೂರುತ್ತದೆ. ಅದನ್ನು ಅಮೈಲಾಯ್ಡ್ ಎನ್ನುತ್ತಾರೆ. ಅಜ್ಜಿಗೆ ಆಗಿದ್ದು ಅದು. ಅಪ್ಪ ಅಮ್ಮನಲ್ಲಿ ಒಬ್ಬರಿಗೆ ಈ ಬದಲಾವಣೆ ಇದ್ದರೂ ಸಾಕು, ಪ್ರತಿ ಮಗುವಿಗೂ ಅರ್ಧಕ್ಕರ್ಧ ಸಾಧ್ಯತೆ.

ಔಷಧ ಇದೆ. ಅನಾಕಿನ್ರಾ ಎಂಬ ಚುಚ್ಚುಮದ್ದು ಇಂಟರ್‌ಲ್ಯೂಕಿನ್-1ರ ಕೆಲಸ ತಡೆಯುತ್ತದೆ. ದಿನಕ್ಕೊಂದು ಸಲ, ಚರ್ಮದ ಕೆಳಗೆ. ಆದರೆ ಅದು ನಮ್ಮ ಮೆಡಿಕಲ್ ಶಾಪಿನಲ್ಲಿ ಸಿಗುವ ಮದ್ದಲ್ಲ. ಒಬ್ಬ ರೋಗಿಗೆಂದೇ ಹೊರದೇಶದಿಂದ ತರಿಸಲು ಕೇಂದ್ರದ ಔಷಧ ನಿಯಂತ್ರಣ ಇಲಾಖೆಗೆ ಫಾರಂ 12ಎ ತುಂಬಿ ಕೊಡಬೇಕು, 12ಬಿ ಪರವಾನಗಿ ಬರಬೇಕು. ಡಾಕ್ಟರ್ ಚೀಟಿಯಲ್ಲಿ ಒಂದು ಅಕ್ಷರ ಹೆಚ್ಚುಕಮ್ಮಿ ಆದರೂ ಕಾಗದ ವಾಪಸ್ಸು. ನಮ್ಮದು ಎರಡು ಸಲ ವಾಪಸ್ಸು ಬಂತು. ದುಡ್ಡು ಇನ್ನೊಂದು ಕಷ್ಟ. ತೋಟದ ಮಾಲೀಕರು ಕೈಜೋಡಿಸಿದರು, ನೆಂಟರು ಕೊಟ್ಟರು, ನಾನು ಗೊತ್ತಿದ್ದವರನ್ನೆಲ್ಲ ಕೇಳಿದೆ. ಸೇರಿದ ದುಡ್ಡು ಮೂವರಿಗೆ ಸಾಲುತ್ತಿರಲಿಲ್ಲ. ಅಜ್ಜಿಗೆ ವಿಷಯ ಹೇಳಲು ಯಾರಿಗೂ ಬಾಯಿ ಬರಲಿಲ್ಲ. ಅವರೇ ನಮ್ಮ ಮುಖ ನೋಡಿ ಹೇಳಿದರು: "ಮಗುವಿಗೆ ಹಾಕಿ. ನನ್ನ ಕಿವಿ ವಾಪಸ್ ಬರಲ್ಲ, ಅವಳದು ಇನ್ನೂ ಇದೆ."

ಕ್ಷಯ ಇಲ್ಲ ಎಂದು ಖಚಿತ ಮಾಡಿಕೊಂಡು 2019ರ ಜೂನ್‌ನಲ್ಲಿ ಶುರುಮಾಡಿದೆವು. ಕಿಲೋ ತೂಕಕ್ಕೆ 1 ಮಿಲಿಗ್ರಾಂ ಲೆಕ್ಕ. ಮೂರನೆಯ ದಿನ ಹುಡುಗಿ ಮಳೆಯಲ್ಲೇ ಶಾಲೆಯಿಂದ ನಡೆದು ಬಂದಳು. ಸಂಜೆಯ ತನಕ ಅಮ್ಮ ಅವಳ ಬೆನ್ನು, ಹೊಟ್ಟೆ ನೋಡುತ್ತಲೇ ಇದ್ದರಂತೆ. ಏನೂ ಏಳಲಿಲ್ಲ. ತಿಂಗಳ ಕೊನೆಗೆ ಸಿಆರ್‌ಪಿ ಮಾಮೂಲಿಗೆ ಬಂದಿತ್ತು. ಮೊದಲ ಕೆಲವು ವಾರ ಚುಚ್ಚಿದ ಜಾಗ ಕೆಂಪಾಗಿ ಊದುತ್ತಿತ್ತು, ಆಮೇಲೆ ನಿಂತಿತು. ಈ ಮದ್ದನ್ನು 2ರಿಂದ 8 ಡಿಗ್ರಿ ತಂಪಿನಲ್ಲಿ ಇಡಬೇಕು. ಕೊಡಗಿನ ಮಳೆಗಾಲದಲ್ಲಿ ಕರೆಂಟು ಹೋದರೆ ಮೂರು ದಿನ ಬರದಿರುವುದೂ ಉಂಟು. ಹಾಗಾಗಿ ಜೂನ್‌ನಿಂದ ಸೆಪ್ಟೆಂಬರ್ ತನಕ ಸಿರಿಂಜುಗಳು ಜನರೇಟರ್ ಇರುವ ಒಂದು ಬೇಕರಿಯ ಫ್ರಿಜ್ಜಿನಲ್ಲಿ ಇರುತ್ತವೆ. ಬೇಕರಿಯವರು ಡಬ್ಬಿಯ ಪಕ್ಕ ಒಂದು ಥರ್ಮಾಮೀಟರ್ ಇಟ್ಟು, ದಿನಾ ಎರಡು ಹೊತ್ತು ಬರೆದಿಡುತ್ತಾರೆ. ಯಾರೂ ಹೇಳಿ ಮಾಡಿಸಿದ್ದಲ್ಲ.

ಇದಾದ ಮೇಲೆ ನಾನು ಜ್ವರದ ಬಗ್ಗೆ ವಿಚಾರಿಸುವ ರೀತಿಯೇ ಬದಲಾಯಿತು. ಪದೇ ಪದೇ ಜ್ವರ ಬರುವ ಮಗುವಿನ ಅಮ್ಮನಿಗೆ ಈಗ ಒಂದು ನೂರು ಪುಟದ ನೋಟ್‌ಬುಕ್ ಕೊಡುತ್ತೇನೆ. ಜ್ವರ ಎಷ್ಟು ಗಂಟೆಗೆ ಬಂತು, ಎಷ್ಟು ಗಂಟೆಗೆ ಬಿಟ್ಟಿತು, ಅದಕ್ಕೆ ಮೊದಲು ಏನಾಗಿತ್ತು ಅಂತ ಬರೆಯಿರಿ, ಆರಾಮಾಗಿದ್ದ ದಿನಗಳನ್ನೂ ಬರೆಯಿರಿ ಎನ್ನುತ್ತೇನೆ. ಎಷ್ಟು ಹೊತ್ತು ಇರುತ್ತದೆ ಎಂಬುದರಲ್ಲೇ ಅರ್ಧ ಉತ್ತರ ಇರುತ್ತದೆ. ಒಂದು ದಿನದೊಳಗೆ ಬಿಟ್ಟು, ಥಂಡಿಗೆ ಬಂದರೆ ಕ್ಯಾಪ್ಸ್ ನೆನಪಾಗಬೇಕು. ಒಂದರಿಂದ ಮೂರು ದಿನ, ಜೊತೆಗೆ ಜೋರು ಹೊಟ್ಟೆ ನೋವು ಅಥವಾ ಎದೆ ನೋವು ಇದ್ದರೆ ಫೆಮಿಲಿಯಲ್ ಮೆಡಿಟರೇನಿಯನ್ ಫೀವರ್ ಎಂಬ, ವಂಶದಲ್ಲಿ ಬರುವ ಜ್ವರ. ವರ್ಷ ತುಂಬುವ ಮೊದಲೇ ಶುರುವಾಗಿ, ಲಸಿಕೆ ಹಾಕಿದಾಗೆಲ್ಲ ಬಂದು, ನಾಲ್ಕೈದು ದಿನ ಕಾಡಿದರೆ ಇಂಥದೇ ಇನ್ನೊಂದು ಜ್ವರಕ್ಕೆ ಕಾರಣವಾಗುವ ಎಂವಿಕೆ ಜೀನ್ ಕಡೆ ನೋಡುತ್ತೇನೆ. ವಾರ ಕಳೆದರೂ ಬಿಡದೆ, ಮೈಕೈ ನೋವು ಜಾಗ ಬದಲಿಸುತ್ತಾ ಹೋದರೆ ಟ್ರ್ಯಾಪ್ಸ್ ಎಂಬ, ಇದೂ ಜೀನಿನಿಂದ ಬರುವ ಜ್ವರ. ಸರಿಯಾಗಿ 21 ದಿನಕ್ಕೊಮ್ಮೆ ಬಾಯಿ ಹುಣ್ಣಿನ ಜೊತೆ ಬಂದರೆ, ಬಿಳಿ ರಕ್ತಕಣಗಳು ಆಗಾಗ ಕುಸಿಯುತ್ತಿವೆಯೇ ಎಂದು ತಿಳಿಯಲು ಅವುಗಳ ಲೆಕ್ಕವನ್ನು ಆರು ವಾರ ವಾರಕ್ಕೆರಡು ಸಲ ಮಾಡಿಸುತ್ತೇನೆ.

ಹಾಗಂತ ಪ್ರತಿ ಜ್ವರವೂ ಅಪರೂಪದ್ದಲ್ಲ. ನೋಟ್‌ಬುಕ್ ಹಿಡಿದುಕೊಂಡು ಬಂದ ಮಕ್ಕಳಲ್ಲಿ ಹೆಚ್ಚಿನವರಿಗೆ ಇದ್ದದ್ದು ಶಾಲೆಯಲ್ಲಿ ಅಂಟಿದ ವೈರಸ್. ಉಳಿದವರಲ್ಲಿ ಜಾಸ್ತಿ ಪಿಫಾಪಾ. ತಿಂಗಳಿಗೊಮ್ಮೆ ಜ್ವರ, ಗಂಟಲು ನೋವು, ಬಾಯಿ ಹುಣ್ಣು, ಕತ್ತಿನಲ್ಲಿ ಗಡ್ಡೆ. ಒಂದೇ ಡೋಸ್ ಪ್ರೆಡ್ನಿಸೋಲೋನ್ ಕೊಟ್ಟರೆ ಕೆಲವೇ ಗಂಟೆಗಳಲ್ಲಿ ಇಳಿಯುತ್ತದೆ, ದೊಡ್ಡವರಾಗುತ್ತಾ ಬಿಟ್ಟುಹೋಗುತ್ತದೆ.

ಮೆಡಿಟರೇನಿಯನ್ ಫೀವರ್ ನಾನು ನೋಡಿದ್ದು ಒಬ್ಬ ಹುಡುಗನಲ್ಲಿ ಮಾತ್ರ. ಹದಿನಾರು ವರ್ಷ, ಹೊಟ್ಟೆ ನೋವೆಂದು ಎಲ್ಲೋ ಅಪೆಂಡಿಕ್ಸ್ ತೆಗೆಸಿಕೊಂಡು ಬಂದಿದ್ದ. ಆಮೇಲೂ ನೋವು ಬರುತ್ತಲೇ ಇತ್ತು. ಅವನಿಗೆ ಕೊಟ್ಟದ್ದು ಕಾಲ್ಚಿಸಿನ್ ಮಾತ್ರೆ. ಈ ಕಾಯಿಲೆಗೆ 1972ರಿಂದ ಬಳಕೆಯಲ್ಲಿರುವ, ಕಡಿಮೆ ಬೆಲೆಯ ಔಷಧ. ಕೈಲ್‌ಪೊಳ್ದ್ ಹಬ್ಬಕ್ಕೆ ಕೋವಿಯ ನಳಿಗೆಗೆ ಸಿಕ್ಕಿಸುವ ತೋಕ್ ಪೂ ಇದೆಯಲ್ಲ, ಬೆಂಕಿಯ ನಾಲಗೆಯಂಥ ಹಳದಿ ಕೆಂಪು ಎಸಳಿನದು, ಆ ಬಳ್ಳಿಯ ಬೀಜದಲ್ಲೂ ಗಡ್ಡೆಯಲ್ಲೂ ಇರುವುದು ಇದೇ ಕಾಲ್ಚಿಸಿನ್. ಈ ಮಾತು ಹೇಳಿದ್ದಕ್ಕೆ ಹುಡುಗನ ಚಿಕ್ಕಪ್ಪ ಗಡ್ಡೆ ಅಗೆದು ತರಲೇ ಎಂದರು. ಖಂಡಿತ ಬೇಡ. ಆ ಗಡ್ಡೆ ತಿಂದು ಸತ್ತವರಿದ್ದಾರೆ. ಮಾತ್ರೆಯಲ್ಲಿ ಅರ್ಧ ಮಿಲಿಗ್ರಾಂ ಅಳೆದಿಟ್ಟಿರುತ್ತದೆ, ಗಡ್ಡೆಯಲ್ಲಿ ಅಳತೆ ಇಲ್ಲ. ಮಾತ್ರೆ ತೆಗೆದುಕೊಳ್ಳುವಾಗಲೂ ಕ್ಲಾರಿತ್ರೊಮೈಸಿನ್‌ನಂಥ ಆಂಟಿಬಯಾಟಿಕ್ ಜೊತೆ ಸೇರಿದರೆ ವಿಷವಾಗಬಹುದು. ಬೇರೆ ಡಾಕ್ಟರ್ ಹತ್ತಿರ ಹೋದಾಗ ಮಾತ್ರೆಯ ಶೀಟ್ ತೋರಿಸು ಎಂದು ಅವನಿಗೆ ಹೇಳಿಟ್ಟಿದ್ದೇನೆ.

ಕ್ಯಾಪ್ಸ್, ಮೆಡಿಟರೇನಿಯನ್ ಫೀವರ್ ಇರುವ ಈ ಮನೆಗಳವರೆಲ್ಲ, ಕಿಡ್ನಿಯಲ್ಲಿ ಅಮೈಲಾಯ್ಡ್ ಕೂರುತ್ತಿದೆಯೇ ಎಂದು ನೋಡಲು, ಆರು ತಿಂಗಳಿಗೊಮ್ಮೆ ಮೂತ್ರ ಪರೀಕ್ಷೆ ಮಾಡಿಸಲೇಬೇಕು. ಕೊಡವರ ಕಕ್ಕಡ ತಿಂಗಳ ಹದಿನೆಂಟಕ್ಕೆ ಮದ್ದುಸೊಪ್ಪಿನ ಪಾಯಸ ತಿಂದವರ ಮೂತ್ರ ಕೆಂಪಾಗಿರುತ್ತದೆ. ಅವರು ಎರಡು ದಿನ ಬಿಟ್ಟು ಬರಲಿ, ಸುಮ್ನೆ ಗಾಬರಿ ಬೇಡ.

ಅಜ್ಜಿ 2021ರಲ್ಲಿ ತೀರಿಕೊಂಡರು. ಕೊನೆಯ ಒಂದು ವರ್ಷ ಡಯಾಲಿಸಿಸ್ ಇತ್ತು. 2014ರ ಆ ಜುಲೈಯಲ್ಲೇ ಅವರ ಮೂತ್ರದಲ್ಲಿ ಪಟ್ಟಿ ಅದ್ದಿದ್ದರೆ ಎಂಬ ಯೋಚನೆ ನನ್ನನ್ನು ಬಿಟ್ಟಿಲ್ಲ.

ಮರುವರ್ಷ ಆ ಮನೆಯಲ್ಲಿ ಗಂಡು ಮಗು ಹುಟ್ಟಿತು. ಅದಕ್ಕೆ ನಾಲ್ಕು ತಿಂಗಳಾದಾಗ ಒಂದು ರಾತ್ರಿ ಅಮ್ಮ ನನ್ನ ಫೋನಿಗೆ ಮೂರು ಫೋಟೋ ಕಳಿಸಿದರು, ಜೊತೆಗೆ ನೋಟ್‌ಬುಕ್ಕಿನ ಪುಟವನ್ನೂ. ದುಂಡಗಿನ ಅಕ್ಷರದಲ್ಲಿ ಹೀಗೆ ಬರೆದಿದ್ದರು: "ಬೆಳಿಗ್ಗೆ 7.10 ಸ್ನಾನ, ಕಿಟಕಿ ತೆರೆದಿತ್ತು. 9.30 ಬೆನ್ನ ಮೇಲೆ ಕೆಂಪು. 10.15 ತೊಡೆಗೂ ಬಂತು, ಜ್ವರ 100.8. ಹಾಲು ಕುಡಿದ. ರಾತ್ರಿ 8ಕ್ಕೆ ಏನೂ ಇಲ್ಲ. ನಾಳೆ ರಕ್ತ ಕೊಡಲು ಎಷ್ಟು ಗಂಟೆಗೆ ಬರಲಿ ಡಾಕ್ಟ್ರೇ?"